ನೇಲ್ ಪಾಲಿಶ್ ಹಚ್ಚಿದರೆ ಅಗ್ಗದ ಒಡವೆಯಿಂದ ಅಲರ್ಜಿ ಆಗುವುದಿಲ್ಲವೇ?

ಸಾರಾಂಶ: ಒಂದು ಗ್ರಾಂ ಚಿನ್ನದ ಸರ, ಓಲೆ, ಬಳೆಗಳ ಒಳಬದಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಎರಡು ಸಲ ಹಚ್ಚಿದರೆ ಅಲರ್ಜಿಯೇ ಆಗುವುದಿಲ್ಲ ಎಂಬ ಸಲಹೆ ವಾಟ್ಸಾಪ್‌ನಲ್ಲಿ ಆಗಾಗ ಬರುತ್ತಿರುತ್ತದೆ. ಇದು ಅರ್ಧ ಸತ್ಯ. ನೇಲ್ ಪಾಲಿಶ್ ಸ್ವಲ್ಪ ಹೊತ್ತು ಅಡ್ಡಗೋಡೆಯಾಗಬಹುದು, ಅಲರ್ಜಿಯನ್ನು ತಡೆಯುವ ಖಾತರಿ ಕೊಡುವುದಿಲ್ಲ.

ಈ ಸಲಹೆ ನನಗೆ ಮೊದಲು ಸಿಕ್ಕಿದ್ದು ನಮ್ಮ ಮನೆಯವರ ಗುಂಪಿನಲ್ಲೇ. ಒಡವೆ ಹಾಕಿದರೆ ತುರಿಕೆ ಬರುವ ನನ್ನ ಚಿಕ್ಕಮ್ಮ ಅದನ್ನು ನಂಬಿ, ಸರಕ್ಕೆ ನೇಲ್ ಪಾಲಿಶ್ ಹಚ್ಚಿಕೊಂಡು ಭಾನುವಾರದ ಮದುವೆಗೆ ಹೋದರು. ಅಂದು ಏನೂ ಆಗಲಿಲ್ಲ. ‘ನೋಡ್ರೇ, ಎಷ್ಟು ಚೆನ್ನಾಗಿ ಕೆಲಸ ಮಾಡ್ತು’ ಎಂದು ಗುಂಪಿಗೆ ಫೋಟೊ ಕೂಡ ಹಾಕಿದರು. ಮಂಗಳವಾರ ಬೆಳಿಗ್ಗೆ ಕತ್ತಿನ ಸುತ್ತ ಕೆಂಪು ಗೆರೆ, ತುರಿಕೆ, ಸಣ್ಣ ಸಣ್ಣ ನೀರುಗುಳ್ಳೆ. ಅಷ್ಟರಲ್ಲಿ ಸರ ಪೆಟ್ಟಿಗೆ ಸೇರಿ ಎರಡು ದಿನವಾಗಿತ್ತು. ಹಾಗಾಗಿ ಬೈಗುಳ ಬಿದ್ದಿದ್ದು ಸರಕ್ಕಲ್ಲ, ಮದುವೆ ಊಟದ ಬದನೆಕಾಯಿಗೆ. ‘ನಂಜಾಯ್ತು’ ಅಂದರು.

ಎರಡು ದಿನ ಬಿಟ್ಟು ಗುಳ್ಳೆ ಬರುವುದೇಕೆ?

ಒಡವೆಯಿಂದ ಆಗುವ ಅಲರ್ಜಿಗೆ ಅತಿ ಸಾಮಾನ್ಯ ಕಾರಣ ನಿಕಲ್ ಎಂಬ ಲೋಹ. ಅಗ್ಗದ ಒಡವೆಯ ಒಳಗೆ ಸಾಮಾನ್ಯವಾಗಿ ಹಿತ್ತಾಳೆ ಅಥವಾ ತಾಮ್ರ ಇರುತ್ತದೆ. ಮೇಲಿನ ಚಿನ್ನದ ಲೇಪ ಚೆನ್ನಾಗಿ ಹಿಡಿಯಲಿ, ಹೊಳೆಯಲಿ ಎಂದು ಅನೇಕ ಕಡೆ ನಡುವೆ ನಿಕಲ್ ಪದರ ಕೊಡುತ್ತಾರೆ. ಚಿನ್ನದ ಲೇಪ ತೀರಾ ತೆಳು. ಅದು ಸವೆದಾಗ ಬೆವರಿನ ಉಪ್ಪಿಗೆ ನಿಕಲ್ ಸ್ವಲ್ಪ ಸ್ವಲ್ಪವೇ ಕರಗಿ ಚರ್ಮದೊಳಗೆ ಇಳಿಯುತ್ತದೆ.

ಅಲ್ಲಿ ನಮ್ಮ ರೋಗನಿರೋಧಕ ವ್ಯವಸ್ಥೆ ಅದನ್ನು ಶತ್ರು ಎಂದು ಗುರುತಿಟ್ಟುಕೊಳ್ಳಬಹುದು. ಈ ಮೊದಲ ಹಂತದಲ್ಲಿ ಹೊರಗೆ ಏನೂ ಕಾಣಿಸದೇ ಇರಬಹುದು. ಒಮ್ಮೆ ಗುರುತು ಬಿದ್ದ ಮೇಲೆ ನಿಕಲ್ ತಾಗಿದಾಗಲೆಲ್ಲ ‘ಟಿ’ ಕಣಗಳು ಅಲ್ಲಿಗೆ ಧಾವಿಸುತ್ತವೆ. ಅವು ಒಟ್ಟುಗೂಡಲು ಸಮಯ ಬೇಕು. ಆದ್ದರಿಂದಲೇ ಗುಳ್ಳೆ, ತುರಿಕೆ ಸಾಮಾನ್ಯವಾಗಿ 1ರಿಂದ 3 ದಿನಗಳ ನಂತರ ಏಳುತ್ತವೆ. ತಡವಾಗಿ ಬರುವ ಕಾರಣಕ್ಕೇ ಜನ ಊಟವನ್ನೋ, ಸೋಪನ್ನೋ, ‘ಉಷ್ಣದ ದೇಹ’ವನ್ನೋ ದೂರುತ್ತಾರೆ.

‘ಇಷ್ಟು ವರ್ಷ ಹಾಕಿದ್ದೇನೆ, ಏನೂ ಆಗಿರಲಿಲ್ಲ’ ಎಂಬ ಮಾತೂ ಈ ಕಾರಣಕ್ಕೇ ನಿಲ್ಲುವುದಿಲ್ಲ. ನಿಕಲ್ ಅಲರ್ಜಿ ಯಾವ ವಯಸ್ಸಿನಲ್ಲಾದರೂ ಶುರುವಾಗಬಹುದು. ಒಮ್ಮೆ ಬಂದರೆ ಸಾಮಾನ್ಯವಾಗಿ ಜೀವನಪೂರ್ತಿ ಉಳಿಯುತ್ತದೆ.

ಹಾಗಾದರೆ ನೇಲ್ ಪಾಲಿಶ್?

ಲೋಹಕ್ಕೂ ಚರ್ಮಕ್ಕೂ ನಡುವೆ ಪದರವಿದ್ದರೆ ನಿಕಲ್ ತಾಗುವುದು ಕಡಿಮೆಯಾಗುತ್ತದೆ, ಅಷ್ಟರ ಮಟ್ಟಿಗೆ ಸಲಹೆಯಲ್ಲಿ ಹುರುಳಿದೆ. ಆದರೆ ಬೆವರು, ಉಜ್ಜಾಟಕ್ಕೆ ಆ ಪದರ ಬೇಗ ಏಳುತ್ತದೆ. ಸರದ ಕೊಂಡಿಗಳ ಸಂದು, ಓಲೆಯ ತಿರುಪಿನಂಥ ಜಾಗಕ್ಕೆ ಅದು ಸರಿಯಾಗಿ ಕೂರುವುದೂ ಇಲ್ಲ. ಅಲರ್ಜಿ ಈಗಾಗಲೇ ಇರುವವರಿಗೆ ಸ್ವಲ್ಪ ಜಾಗ ತೆರೆದುಕೊಂಡರೂ ಸಾಕು. ಜೊತೆಗೆ ನೇಲ್ ಪಾಲಿಶ್‌ನಲ್ಲಿರುವ ರಾಳಗಳಿಗೇ ಕೆಲವರಿಗೆ ಅಲರ್ಜಿ ಇರುತ್ತದೆ.

ಒಡವೆಯನ್ನು ನಿಂಬೆರಸದಲ್ಲೋ ಉಪ್ಪುನೀರಿನಲ್ಲೋ ನೆನೆಸಿಡಿ ಎನ್ನುವ ಸಲಹೆಯಂತೂ ಉಲ್ಟಾ ಹೊಡೆಯುತ್ತದೆ. ಹುಳಿ ಮತ್ತು ಉಪ್ಪು ಲೇಪವನ್ನು ಬೇಗ ಕೆಡಿಸಿ, ಒಳಗಿನ ಲೋಹ ಹೊರಬರಲು ದಾರಿ ಮಾಡಿಕೊಡುತ್ತವೆ.

ಇನ್ನೂ ಕೆಲವು ನಂಬಿಕೆಗಳು

‘ಬೆರಳು ಹಸಿರಾದರೆ ಅಲರ್ಜಿ’: ಅಲ್ಲ. ಉಂಗುರದ ತಾಮ್ರ ಬೆವರಿನ ಜೊತೆ ಸೇರಿ ಬಿಡುವ ಬಣ್ಣವದು. ತೊಳೆದರೆ ಹೋಗುತ್ತದೆ. ತುರಿಕೆ, ಕೆಂಪು, ಗುಳ್ಳೆ ಇದ್ದರೆ ಮಾತ್ರ ಅಲರ್ಜಿಯ ಅನುಮಾನ ಪಡಿ.

‘ಆಯಸ್ಕಾಂತಕ್ಕೆ ಅಂಟದಿದ್ದರೆ ನಿಕಲ್ ಇಲ್ಲ’: ತಪ್ಪು. ಶುದ್ಧ ನಿಕಲ್ ಆಯಸ್ಕಾಂತಕ್ಕೆ ಅಂಟುತ್ತದೆ, ನಿಕಲ್ ಬೆರೆತ ಅನೇಕ ಮಿಶ್ರಲೋಹಗಳು ಅಂಟುವುದಿಲ್ಲ.

‘ಜರ್ಮನ್ ಸಿಲ್ವರ್ ಬೆಳ್ಳಿಯೇ ತಾನೆ’: ಹೆಸರಿನಲ್ಲಿ ಮಾತ್ರ. ಜರ್ಮನ್ ಸಿಲ್ವರ್ ಎಂದರೆ ತಾಮ್ರ, ನಿಕಲ್, ಸತುವಿನ ಮಿಶ್ರಣ. ಅದರಲ್ಲಿ ಬೆಳ್ಳಿ ಇರುವುದಿಲ್ಲ. ನಿಕಲ್ ಅಲರ್ಜಿ ಇರುವವರು ಇದನ್ನು ದೂರವಿಡುವುದೇ ಒಳ್ಳೆಯದು.

‘ಸ್ಟೀಲ್‌ನಲ್ಲಿ ನಿಕಲ್ ಇಲ್ಲ’: ಇದೆ. ಪಾತ್ರೆಗಳಲ್ಲಿ ಬಳಸುವ 304 ದರ್ಜೆಯ ಸ್ಟೀಲ್‌ನಲ್ಲಿ ಸುಮಾರು 8ರಿಂದ 10 ಶೇಕಡಾ ನಿಕಲ್ ಇರುತ್ತದೆ. ಆದರೆ ಅದು ಬಿಗಿಯಾಗಿ ಸೇರಿಕೊಂಡಿರುವುದರಿಂದ ಚರ್ಮಕ್ಕೆ ಬಿಡುವುದು ಬಹಳ ಕಡಿಮೆ. ಮುಖ್ಯವಾದದ್ದು ಲೋಹದಲ್ಲಿ ಎಷ್ಟು ನಿಕಲ್ ಇದೆ ಎನ್ನುವುದಲ್ಲ, ಎಷ್ಟು ಹೊರಬರುತ್ತದೆ ಎನ್ನುವುದು. ಯುರೋಪಿಯನ್ ಒಕ್ಕೂಟ 1994ರಲ್ಲಿ ತಂದ ನಿಕಲ್ ನಿಯಮದ ಅಳತೆಗೋಲೂ ಇದೇ. ಅಲ್ಲಿ ಮೈಗೆ ತಾಗಿಕೊಂಡಿರುವ ಒಡವೆ ಒಂದು ಚದರ ಸೆಂಟಿಮೀಟರ್‌ಗೆ ವಾರಕ್ಕೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕಲ್ ಬಿಡುವಂತಿಲ್ಲ. ಚುಚ್ಚಿದ ಕಿವಿಯೊಳಗೆ ಹೋಗುವ ಕಡ್ಡಿಗೆ ಈಗಿನ ಮಿತಿ ಇನ್ನೂ ಬಿಗಿ, 0.2 ಮೈಕ್ರೋಗ್ರಾಂ.

ಅಲರ್ಜಿಯೋ, ಸೋಂಕೋ?

ಓಲೆ ಹಾಕಿದ ಎರಡೂ ಕಿವಿ ತುರಿಸುತ್ತಿದ್ದರೆ, ಸಿಪ್ಪೆ ಏಳುತ್ತಿದ್ದರೆ, ನೀರು ಜಿನುಗುತ್ತಿದ್ದರೆ ಅಲರ್ಜಿ ಇರಬಹುದು. ನೋವು, ಬಿಸಿ, ಊತ, ಕೀವು, ಜ್ವರ ಇದ್ದರೆ ಸೋಂಕಿನ ಸಾಧ್ಯತೆ ಹೆಚ್ಚು. ಆಗ ತಡಮಾಡದೆ ವೈದ್ಯರ ಬಳಿ ಹೋಗಿ.

ಅಲರ್ಜಿಯನ್ನು ಖಚಿತಪಡಿಸಲು ಚರ್ಮರೋಗ ತಜ್ಞರು ಪ್ಯಾಚ್ ಟೆಸ್ಟ್ ಮಾಡುತ್ತಾರೆ. ಬೆನ್ನಿಗೆ ಸಣ್ಣ ಪಟ್ಟಿಗಳನ್ನು ಅಂಟಿಸಿ, ಸಾಮಾನ್ಯವಾಗಿ 48 ಗಂಟೆ ಬಿಟ್ಟು ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಇದಕ್ಕೆ ಸೂಜಿ ಬೇಕಿಲ್ಲ.

ಚಿಕ್ಕಮ್ಮ ಈ ಪರೀಕ್ಷೆಗೆ ಹೋಗಿದ್ದು ಬಹಳ ತಡವಾಗಿ. ಅಲ್ಲಿಯವರೆಗೆ ಮೆಡಿಕಲ್ ಶಾಪ್‌ನಲ್ಲಿ ಕೇಳಿ ತಂದ ಮುಲಾಮು ಹಚ್ಚುತ್ತಿದ್ದರು. ಹಚ್ಚಿದರೆ ಇಳಿಯುತ್ತಿತ್ತು, ಸರ ಹಾಕಿದರೆ ಮತ್ತೆ ಏಳುತ್ತಿತ್ತು. ಅದು ಸ್ಟೀರಾಯ್ಡ್ ಮುಲಾಮು ಎಂದು ಯಾರೂ ಹೇಳಿರಲಿಲ್ಲ. ಬೀಟಾಮೆಥಾಸೋನ್, ಕ್ಲೊಬೆಟಾಸಾಲ್‌ನಂಥ ಸ್ಟೀರಾಯ್ಡ್‌ಗಳನ್ನು ವೈದ್ಯರ ಸಲಹೆ ಇಲ್ಲದೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ, ಬಣ್ಣ ಮಾಸುತ್ತದೆ. ಅವರ ಕತ್ತಿನಲ್ಲಿ ಈಗ ಉಳಿದಿರುವ ಬಿಳಿಚಿದ ಪಟ್ಟಿ ಮುಲಾಮಿನದು, ಸರದ್ದಲ್ಲ ಎಂದು ವೈದ್ಯರು ಹೇಳಿದ್ದಾರೆ.

ಏನು ಮಾಡಬಹುದು?

• ತುರಿಕೆ ಬಂದರೆ ಮೊದಲು ಒಡವೆ ತೆಗೆಯಿರಿ. ವಾಚಿನ ಬಕಲ್, ಜೀನ್ಸ್ ಗುಂಡಿ, ಕನ್ನಡಕದ ಫ್ರೇಮ್ ತಾಗುವ ಕಡೆಯೂ ಹೀಗೇ ಆಗುತ್ತಿದೆಯೇ ಎಂದು ಗಮನಿಸಿ.

• ದಿನವೂ ಹಾಕುವುದಕ್ಕೆ ಟೈಟಾನಿಯಂ, 916 ಹಾಲ್‌ಮಾರ್ಕ್ ಚಿನ್ನ, 925 ಬೆಳ್ಳಿ ಸಾಮಾನ್ಯವಾಗಿ ಒಗ್ಗುತ್ತವೆ. ಬಿಳಿ ಚಿನ್ನದಲ್ಲಿ ನಿಕಲ್ ಇರಬಹುದು, ಕೇಳಿ ಕೊಳ್ಳಿ. ದುಡ್ಡು ಕಡಿಮೆಯಿದ್ದರೆ ದಾರ, ಮಣಿ, ಮರ, ಟೆರಾಕೋಟಾದ ಒಡವೆಗಳಿವೆ. ಅವುಗಳಲ್ಲೂ ಕೊಕ್ಕೆ ಯಾವ ಲೋಹದ್ದು ಎಂದು ನೋಡಿ.

• ಮಾಂಗಲ್ಯವನ್ನು ತೆಗೆಯಲು ಮನಸ್ಸು ಒಪ್ಪದಿದ್ದರೆ ಚೈನ್ ಬದಲು ದಾರದಲ್ಲಿ ಪೋಣಿಸಿಕೊಳ್ಳಬಹುದು. ಚಿಕ್ಕಮ್ಮ ಮಾಡಿದ್ದು ಇದನ್ನೇ.

• ಅನುಮಾನವಿದ್ದರೆ ಡೈಮೀಥೈಲ್‌ಗ್ಲೈಆಕ್ಸಿಮ್ ಎಂಬ ದ್ರಾವಣದ ಕಿಟ್ ಸಿಗುತ್ತದೆ. ಹತ್ತಿಯಲ್ಲಿ ಅದನ್ನು ತೊಟ್ಟಿಕ್ಕಿ ಒಡವೆಗೆ ಉಜ್ಜಿದಾಗ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕಲ್ ಹೊರಬರುತ್ತಿದೆ ಎಂದರ್ಥ.

• ಮಗುವಿನ ಕಿವಿ ಚುಚ್ಚಿಸುವಾಗ ಅಗ್ಗದ ಓಲೆ ಬೇಡವೇ ಬೇಡ. ಹಸಿ ಗಾಯಕ್ಕೆ ನಿಕಲ್ ನೇರವಾಗಿ ತಾಗುತ್ತದೆ. ಅಂದು ಬಿದ್ದ ಗುರುತು ಮಗುವಿನ ಜೊತೆ ಜೀವನಪೂರ್ತಿ ಇರಬಹುದು.

ತೀರ್ಪು: ಅರ್ಧ ಸತ್ಯ. ಅಲರ್ಜಿ ಇಲ್ಲದವರಿಗೆ ನೇಲ್ ಪಾಲಿಶ್ ಬೇಕಾಗಿಲ್ಲ, ಇರುವವರಿಗೆ ಅದು ಸಾಲುವುದಿಲ್ಲ. ಆ ಸಲಹೆ ನಿಮ್ಮ ಗುಂಪಿಗೆ ಮತ್ತೆ ಬಂದರೆ, ಮುಂದಕ್ಕೆ ಕಳಿಸುವ ಮೊದಲು ಒಂದು ಮಾತು ಕೇಳಿ: ‘ಹಚ್ಚಿ ಎಷ್ಟು ದಿನ ಆಯ್ತು? ಮೂರನೇ ದಿನ ಏನಾಯ್ತು?’