ಹುರಿದ ಊಲಾಂಗ್ ಚಹಾ: ದುಬಾರಿ ಎಲೆ ತಂದರೂ ಚೆನ್ನೈನಲ್ಲಿ ರುಚಿ ಕೆಡುವುದೇಕೆ? ಮಾಡುವ ವಿಧಾನ ಇಲ್ಲಿದೆ

ಚೆನ್ನೈ: ಕಾಫಿ ಬೀಜವನ್ನು ಎಷ್ಟು ಹುರಿದರೆ ಎಂಥ ರುಚಿ ಬರುತ್ತದೆ ಎಂದು ಫಿಲ್ಟರ್ ಕಾಫಿಯ ಊರಾದ ಚೆನ್ನೈಗೆ ಯಾರೂ ಹೇಳಿಕೊಡಬೇಕಿಲ್ಲ. ಚಹಾ ಎಲೆಯನ್ನೂ ಹೀಗೆ ಕೆಂಡದ ಶಾಖದಲ್ಲಿ ಹುರಿದು ಹದ ಮಾಡುತ್ತಾರೆ. ಚೀನಾದ ಸಾಂಪ್ರದಾಯಿಕ ಊಲಾಂಗ್ ಅಂಥದ್ದೊಂದು ಚಹಾ. ಆದರೆ ದುಬಾರಿ ಬೆಲೆ ಕೊಟ್ಟು ತಂದರೂ ಕೆಲವೊಮ್ಮೆ ಇದು ಸಪ್ಪೆ ಎನಿಸುತ್ತದೆ. ಅದಕ್ಕೆ ಮನೆಯ ನೀರು ಮತ್ತು ಕರಾವಳಿಯ ತೇವಾಂಶವೂ ಕಾರಣವಾಗಿರಬಹುದು.

ಏನಿದು ಊಲಾಂಗ್?

ಗ್ರೀನ್ ಟೀ, ಬ್ಲ್ಯಾಕ್ ಟೀ, ಊಲಾಂಗ್ ಮೂರೂ ಒಂದೇ ಗಿಡದ ಎಲೆಗಳು. ಕೊಯ್ದ ಎಲೆ ಗಾಳಿಗೆ ಕಂದುಬಣ್ಣಕ್ಕೆ ತಿರುಗುವುದನ್ನು ಗ್ರೀನ್ ಟೀಯಲ್ಲಿ ಆರಂಭದಲ್ಲೇ ತಡೆಯುತ್ತಾರೆ, ಬ್ಲ್ಯಾಕ್ ಟೀಯಲ್ಲಿ ಪೂರ್ತಿ ಬಿಡುತ್ತಾರೆ. ಊಲಾಂಗ್ ಇವೆರಡರ ನಡುವಿನದು. ಫುಜಿಯಾನ್ ಪ್ರಾಂತ್ಯದ ವುಯಿ ಬೆಟ್ಟಗಳ 'ದಾ ಹಾಂಗ್ ಪಾವ್' ಇದರಲ್ಲಿ ಹೆಸರುವಾಸಿ. ಚೀನಾದ ಸಾಂಪ್ರದಾಯಿಕ ಚಹಾ ತಯಾರಿಕೆಯನ್ನು ಯುನೆಸ್ಕೋ 2022ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ.

ಹುರಿದಾಗ ಏನಾಗುತ್ತದೆ?

ಬೂದಿ ಮುಚ್ಚಿದ ಇದ್ದಿಲ ಕೆಂಡದ ಮೇಲೆ ಬಿದಿರಿನ ಬುಟ್ಟಿಯಲ್ಲಿ ಎಲೆಯಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಕಾಯಿಸುತ್ತಾರೆ. ಆಗ ಎಲೆಯಲ್ಲಿನ ಸಕ್ಕರೆ ಮತ್ತು ಅಮೈನೋ ಆಮ್ಲಗಳು ವರ್ತಿಸಿ ಹೊಸ ಪರಿಮಳ ಹುಟ್ಟುತ್ತದೆ. ಹಸಿ ವಾಸನೆ ಹೋಗಿ ಹುರಿದ ಕಾಯಿಬೀಜ, ಕ್ಯಾರಮೆಲ್, ಒಣಹಣ್ಣಿನ ಘಮ ಬರುತ್ತದೆ. ಹೊಸದಾಗಿ ಹುರಿದ ಎಲೆಯ ಹೊಗೆಯ ಒಗರು ಇಳಿಯಲು ಕೆಲವು ವಾರ, ತಿಂಗಳುಗಳೇ ಬೇಕು. ಬರೀ ಸುಟ್ಟ ವಾಸನೆಯಷ್ಟೇ ಬಂದರೆ ಹುರಿತ ಅತಿಯಾಗಿದೆ ಎಂದರ್ಥ.

ನೀರು, ತೇವಾಂಶದ ಬಗ್ಗೆ ಎಚ್ಚರ

ಚೆನ್ನೈನ ಅನೇಕ ಮನೆಗಳ ಬೋರ್‌ವೆಲ್ ನೀರು ಗಡಸು. ಇದರಲ್ಲಿನ ಕ್ಯಾಲ್ಸಿಯಂ ಚಹಾದ ಪರಿಮಳವನ್ನು ಮಂಕಾಗಿಸಿ, ಮೇಲೆ ತೆಳು ಪದರ ಕಟ್ಟುತ್ತದೆ. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ (ಟಿಡಿಎಸ್) ಲೀಟರ್‌ಗೆ 500 ಮಿ.ಗ್ರಾಂ ಮೀರಬಾರದು ಎಂಬುದು ಬಿಐಎಸ್ ಮಾನದಂಡ. ಚಹಾಕ್ಕೆ ಇದಕ್ಕಿಂತ ಸಾಕಷ್ಟು ಕಡಿಮೆ ಇದ್ದರೆ ಒಳ್ಳೆಯದು. ಹಾಗೆಂದು ಲವಣವೇ ಇಲ್ಲದ ಆರ್‌ಒ ನೀರೂ ರುಚಿ ಕೊಡದು.

ಹುರಿದ ಎಲೆ ಗಾಳಿಯ ತೇವವನ್ನು ಬೇಗ ಹೀರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ, ಸಾಂಬಾರ ಪುಡಿಯಿಂದ ದೂರವಿಡಿ. ಎಲೆ ಮೆತ್ತಗಾಗಿದ್ದರೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಕೆಲ ನಿಮಿಷ ಬೆಚ್ಚಗೆ ಮಾಡಿ. ಬೂಷ್ಟು ವಾಸನೆ ಬಂದರೆ ಎಸೆದುಬಿಡಿ.

ಮಾಡುವುದು ಹೇಗೆ?

* ಮುಚ್ಚಳವಿರುವ ಪುಟ್ಟ ಪಾತ್ರೆಗೆ ಬಿಸಿನೀರು ಹಾಕಿ ಚೆಲ್ಲಿ, ಪಾತ್ರೆ ಬಿಸಿಯಾಗಲಿ.
* 100 ಮಿ.ಲೀ. ನೀರಿಗೆ 5 ಗ್ರಾಂ ಎಲೆ ಹಾಕಿ.
* ಕುದಿದು ಇಳಿಸಿದ ನೀರನ್ನು ತಕ್ಷಣ ಸುರಿಯಿರಿ. ಎಲೆಯನ್ನು ಒಲೆ ಮೇಲೆ ಕುದಿಸಬೇಡಿ.
* 15ರಿಂದ 20 ಸೆಕೆಂಡಿಗೆ ಸೋಸಿ ಕುಡಿಯಿರಿ. ಹಾಲು, ಸಕ್ಕರೆ ಬೇಡ.
* ಅದೇ ಎಲೆಗೆ ಮತ್ತೆ ನೀರು ಹಾಕಿ, ಪ್ರತಿ ಸಲ ಸ್ವಲ್ಪ ಹೆಚ್ಚು ಹೊತ್ತು ಬಿಡಿ. ಒಳ್ಳೆಯ ಎಲೆ 5-6 ಸಲ ರುಚಿ ಕೊಡುತ್ತದೆ.

ಪಾತ್ರೆ ದೊಡ್ಡದಿದ್ದರೆ 200 ಮಿ.ಲೀ.ಗೆ 3 ಗ್ರಾಂ ಹಾಕಿ 3 ನಿಮಿಷ ಬಿಟ್ಟರೂ ಸಾಕು.

ಇದರಲ್ಲೂ ಕೆಫೀನ್ ಇರುವುದರಿಂದ ರಾತ್ರಿ ಬೇಡ. ಚಹಾ ಆಹಾರದ ಕಬ್ಬಿಣಾಂಶ ಹೀರಿಕೆಯನ್ನು ತಗ್ಗಿಸುತ್ತದೆ. ರಕ್ತಹೀನತೆ ಇರುವವರು ಊಟದ ಜೊತೆ ಕುಡಿಯದಿರುವುದು ಒಳಿತು. ತೂಕ ಇಳಿಸುತ್ತದೆ ಎಂಬ ಜಾಹೀರಾತು ನಂಬಿ ಹಣ ಸುರಿಯಬೇಡಿ. ರುಚಿ ಇಷ್ಟವಾದರೆ ಮಾತ್ರ ಕೊಳ್ಳಿ, ಮೊದಲು 25 ಗ್ರಾಂನಷ್ಟು ಸಣ್ಣ ಪೊಟ್ಟಣ ತಂದು ನೋಡಿ.