ಮರದಲ್ಲಿ ಕೆತ್ತಿದ ತಿರುಗುವ ರೆಕ್ಕೆ

ಹಗುರ ವಿಮಾನವೊಂದರ 1.8 ಮೀಟರ್ ಉದ್ದದ ಪ್ರೊಪೆಲ್ಲರ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ ಅದರ ತುದಿ ಸೆಕೆಂಡಿಗೆ ಸುಮಾರು 235 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. ಆಗ ತುದಿಯಲ್ಲಿರುವ ಒಂದೊಂದು ಗ್ರಾಂ ಮರವೂ ಆರು ಕಿಲೋ ತೂಕದಷ್ಟು ಬಲದಿಂದ ಹೊರಕ್ಕೆ ಜಗ್ಗುತ್ತದೆ. ಇಂಥ ಎಳೆತವನ್ನು ಅಂಟು ಹಾಕಿ ಜೋಡಿಸಿದ ಹಲಗೆಗಳು ತಾಳಿಕೊಂಡವು, ಇಂದಿಗೂ ತಾಳಿಕೊಳ್ಳುತ್ತಿವೆ. ಆ ಹಲಗೆಗಳಿಗೆ ರೂಪ ಕೊಟ್ಟ ಬಡಗಿಗಳಿಗೆ ವಿಮಾನದ ಕಥೆಯಲ್ಲಿ ಸಲ್ಲಬೇಕಾದಷ್ಟು ಜಾಗ ಸಿಕ್ಕಿಲ್ಲ ಎಂದೇ ನನ್ನ ಭಾವನೆ.

ಹಡಗಿನ ಪ್ರೊಪೆಲ್ಲರುಗಳ ಲೆಕ್ಕಾಚಾರ ಪುಸ್ತಕಗಳಲ್ಲಿ ಸಿದ್ಧವಾಗಿ ಸಿಗುತ್ತದೆ, ಅದನ್ನೇ ಗಾಳಿಗೆ ಹೊಂದಿಸಿಕೊಂಡರಾಯಿತು ಎಂದುಕೊಂಡಿದ್ದರು ರೈಟ್ ಸಹೋದರರು. ಹುಡುಕಿದರೆ ಅಂಥ ಸಿದ್ಧಾಂತವೇ ಇರಲಿಲ್ಲ. ತಮ್ಮತಮ್ಮಲ್ಲೇ ದಿನಗಟ್ಟಲೆ ವಾದಿಸಿ ಅವರು ಕಂಡುಕೊಂಡದ್ದು ಇಷ್ಟು: ಪ್ರೊಪೆಲ್ಲರ್ ಎಂದರೆ ಸುತ್ತುತ್ತಾ ಮುಂದೆ ಸಾಗುವ ರೆಕ್ಕೆ. ವಿಮಾನದೊಂದಿಗೆ ಅಲಗಿನ ಎಲ್ಲ ಭಾಗವೂ ಒಂದೇ ವೇಗದಲ್ಲಿ ಮುಂದೆ ಹೋಗುತ್ತದೆ; ಆದರೆ ಸುತ್ತುವ ವೇಗ ಬುಡದಲ್ಲಿ ಕಡಿಮೆ, ತುದಿಯಲ್ಲಿ ಹೆಚ್ಚು. ಹಾಗಾಗಿ ಗಾಳಿ ಬಂದು ತಾಗುವ ದಿಕ್ಕು ಗೇಣುಗೇಣಿಗೂ ಬದಲಾಗುತ್ತದೆ. ಎಲ್ಲ ಕಡೆಯೂ ಗಾಳಿಯನ್ನು ಸರಿಯಾದ ಕೋನದಲ್ಲಿ ಎದುರಿಸಬೇಕಾದರೆ ಅಲಗು ಬುಡದಲ್ಲಿ ಕಡಿದಾಗಿದ್ದು, ತುದಿಯತ್ತ ಹೋದಂತೆ ಮಟ್ಟಸವಾಗುತ್ತಾ ತಿರುಚಿಕೊಂಡಿರಬೇಕು.

ಈ ತಿರುಚನ್ನು ಅವರು ಸ್ಪ್ರೂಸ್ ಮರದ ಹಲಗೆಗಳನ್ನು ಅಂಟಿಸಿ, ಕೈಕೊಡಲಿ ಮತ್ತು ಎರಡು ಹಿಡಿಯ ಕೀಸುಗತ್ತಿಯಿಂದ ಕೆತ್ತಿ ತಂದರು. 1903ರ ಡಿಸೆಂಬರ್ 17ರಂದು ಹಾರಿದ ವಿಮಾನದಲ್ಲಿ ಎಂಟೂವರೆ ಅಡಿಯ ಅಂಥ ಎರಡು ಪ್ರೊಪೆಲ್ಲರುಗಳಿದ್ದವು. ಅವುಗಳ ಪ್ರತಿಕೃತಿಗಳನ್ನು ನಮ್ಮ ಕಾಲದಲ್ಲಿ ಗಾಳಿ ಸುರಂಗದಲ್ಲಿಟ್ಟು ಅಳೆದಾಗ ದಕ್ಷತೆ ಶೇ. 75ನ್ನೂ ಮೀರಿತ್ತು. ಸೈಕಲ್ ಅಂಗಡಿಯವರ ಕೈಕೆಲಸಕ್ಕೆ ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ತೋಚುವುದಿಲ್ಲ.

ಮುಂದೆ ಇದೊಂದು ಕಸುಬೇ ಆಯಿತು. 1909ರಲ್ಲಿ ವಿಮಾನಿ ಬ್ಲೇರಿಯೊ ಇಂಗ್ಲಿಷ್ ಕಾಲುವೆಯನ್ನು ಹಾರಿ ದಾಟಿದ್ದು ಪ್ಯಾರಿಸ್ಸಿನ ಶೋವಿಯೇರ್ ಮಾಡಿದ ಅಕ್ರೋಟು ಮರದ ಪ್ರೊಪೆಲ್ಲರಿನಿಂದ. ಮೊದಲ ಮಹಾಯುದ್ಧದ ಜರ್ಮನ್ ವಿಮಾನಗಳಿಗೆ ಪ್ರೊಪೆಲ್ಲರ್ ಒದಗಿಸಿದ ಬರ್ಲಿನ್ನಿನ ಕಂಪನಿಯೊಂದರ ಹೆಸರು ಗರುಡ!

ಇಡೀ ದಿಮ್ಮಿಯನ್ನೇ ಕೆತ್ತದೆ ಹಲಗೆಗಳನ್ನು ಏಕೆ ಅಂಟಿಸಬೇಕು? ದಪ್ಪ ದಿಮ್ಮಿ ಒಣಗುತ್ತಾ ಸೀಳುತ್ತದೆ, ಸೊಟ್ಟಗಾಗುತ್ತದೆ. ಒಳಗಿನ ಗಂಟು ಹೊರಗೆ ಕಾಣದು. ತೆಳು ಹಲಗೆಯನ್ನಾದರೆ ಹದವಾಗಿ ಒಣಗಿಸಿ, ಎಳೆ ನೆಟ್ಟಗಿದೆಯೇ ಎಂದು ಒಂದೊಂದನ್ನೂ ಪರೀಕ್ಷಿಸಬಹುದು. ಒಂದೇ ಹಲಗೆಯಲ್ಲೂ ಒಂದು ತುದಿ ಇನ್ನೊಂದಕ್ಕಿಂತ ಭಾರವಿರುವುದುಂಟು. ಹಾಗಾಗಿ ತೂಗಿ ನೋಡಿ, ಒಂದರ ಭಾರದ ತುದಿ ಇನ್ನೊಂದರ ಹಗುರ ತುದಿಯ ಮೇಲೆ ಬರುವಂತೆ ಜೋಡಿಸುತ್ತಾರೆ. ಹಿಂದೆ ಬಳಸುತ್ತಿದ್ದುದು ಪ್ರಾಣಿಗಳ ಚರ್ಮದಿಂದ ತೆಗೆದ ಬಿಸಿ ಸರೇಸು. ತಣ್ಣಗಾದರೆ ಅದು ಬೇಗ ಗಟ್ಟಿಯಾಗುವುದರಿಂದ ಹಲಗೆಗಳನ್ನೂ ಕೋಣೆಯನ್ನೂ ಬೆಚ್ಚಗಿಟ್ಟು, ಸರಸರನೆ ಹಚ್ಚಿ ಕ್ಲಾಂಪ್ ಬಿಗಿಯಬೇಕಿತ್ತು.

ಕೆತ್ತನೆ ಒಂದೇ ಓಟದಲ್ಲಿ ಮುಗಿಯುವುದಿಲ್ಲ. ಒರಟಾಗಿ ರೂಪ ಕೊಟ್ಟ ಮೇಲೆ ಕೆಲವು ದಿನ ಸುಮ್ಮನೆ ಬಿಡುತ್ತಾರೆ. ಮೇಲ್ಪದರ ಹೋದಾಗ ಒಳಗಿನ ಬಿಗಿತ ಬಿಡುಗಡೆಯಾಗಿ ಮರ ಚೂರು ಮಿಸುಕುತ್ತದೆ. ಆ ಮಿಸುಕಾಟ ಮುಗಿದ ನಂತರವೇ ಕೊನೆಯ ಅಳತೆಗೆ ಇಳಿಯಬೇಕು. ಬುಡದಿಂದ ತುದಿಯವರೆಗೆ ಗುರುತು ಹಾಕಿದ ಜಾಗಗಳಲ್ಲಿ ಅಚ್ಚುತಗಡು ಇಟ್ಟು, ಬೆಳಕು ಎಲ್ಲಿ ನುಸುಳುತ್ತದೆ ಎಂದು ನೋಡಿ, ಮರ ತಗಡಿಗೆ ತಾಗುವ ಕಡೆ ಕೀಸುತ್ತಾರೆ. ಅನುಭವಿಗಳಿಗೆ ಇನ್ನೊಂದು ಸುಳಿವೂ ಇದೆ. ಕೆತ್ತಿದಂತೆಲ್ಲ ಅಂಟಿನ ಗೆರೆಗಳು ಭೂಪಟದ ಎತ್ತರದ ರೇಖೆಗಳಂತೆ ಬಾಗುತ್ತಾ ಮೈಮೇಲೆ ಮೂಡುತ್ತವೆ. ಎರಡೂ ಅಲಗುಗಳಲ್ಲಿ ಆ ಗೆರೆಗಳು ಒಂದೇ ಬಗೆಯಲ್ಲಿ ಬಾಗಿದ್ದರೆ ರೂಪವೂ ಒಂದೇ. ಎಲ್ಲೋ ಒಂದು ಗೆರೆ ಅಡ್ಡಾದಿಡ್ಡಿಯಾದರೆ ಕಣ್ಣು ತಕ್ಷಣ ಹಿಡಿಯುತ್ತದೆ. ಈಗ ಕಂಪ್ಯೂಟರ್ ಯಂತ್ರಗಳು ಒರಟು ಕೆಲಸ ಮುಗಿಸಿಕೊಡುತ್ತವೆ. ಕೊನೆಯ ನಯ ಮತ್ತು ಸಮತೋಲ ಬಹುಮಟ್ಟಿಗೆ ಕೈಯದ್ದೇ.

ಸಮತೋಲಕ್ಕೆ ಪ್ರೊಪೆಲ್ಲರಿನ ನಡುವೆ ಸರಳು ತೂರಿಸಿ ಚೂಪಾದ ಅಂಚುಗಳ ಮೇಲೆ ನಿಲ್ಲಿಸುತ್ತಾರೆ. ಹಗುರ ಅಲಗಿಗೆ ಇನ್ನೊಂದು ಪದರ ವಾರ್ನಿಷ್ ಬಳಿದರೂ ಸಾಕು, ಅದು ಕೆಳಗಿಳಿಯುತ್ತದೆ. ಒಂದು ಗ್ರಾಂ ತಾನೇ ಎನ್ನುವಂತಿಲ್ಲ. ಆರು ಕಿಲೋ ಎಳೆತದ ಲೆಕ್ಕ ಮೇಲೆಯೇ ಇದೆ. ಮಳೆಹನಿ, ಕಲ್ಲುಚೂರುಗಳಿಂದ ಕಾಪಾಡಲು ಅಲಗಿನ ಮುಂಭಾಗದ ಅಂಚಿಗೆ ಹಿತ್ತಾಳೆ ತಗಡು ಹೊದಿಸಿ, ತುದಿಯಲ್ಲಿ ಸೂಕ್ಷ್ಮ ತೂತುಗಳನ್ನು ಕೊರೆಯುತ್ತಾರೆ. ಒಳಸೇರಿದ ತೇವವನ್ನು ತಿರುಗುವ ರಭಸವೇ ಹೊರಗೆ ಚೆಲ್ಲುತ್ತದೆ.

ಎಂಜಿನ್ನುಗಳ ಶಕ್ತಿ ಏರಿದಂತೆ ಲೋಹ ಮುಂದೆ ಬಂತು, ನಿಜ. ಆದರೂ ಎರಡನೇ ಮಹಾಯುದ್ಧದಲ್ಲಿ ಅನೇಕ ಸ್ಪಿಟ್‌ಫೈರ್ ವಿಮಾನಗಳು ರಾಳ ಕುಡಿಸಿ ಒತ್ತಿದ ಮರದ ಅಲಗುಗಳಿಂದಲೇ ಹಾರಿದವು. ಜರ್ಮನಿಯ ಹಾಫ್‌ಮನ್ ಕಂಪನಿ ಇಂದಿಗೂ ಮರದ ತಿರುಳಿಗೆ ಗಾಜುನಾರು ಹೊದಿಸಿ ಅಲಗು ಮಾಡುತ್ತದೆ. ಕಂಪನವನ್ನು ಮರ ತನ್ನೊಳಗೇ ಅಡಗಿಸಿಕೊಳ್ಳುತ್ತದೆ; ಪದೇ ಪದೇ ಬಾಗಿ ಬಳಲಿ ಬಿರುಕು ಬಿಡುವ ಲೋಹದ ದೌರ್ಬಲ್ಯ ಅದಕ್ಕೆ ಅಷ್ಟಾಗಿ ಇಲ್ಲ.

ಅದರ ದೌರ್ಬಲ್ಯ ತೇವ. ಮಳೆಗಾಲದಲ್ಲಿ ಉಬ್ಬುವ ಮರ ಬೇಸಿಗೆಯಲ್ಲಿ ಕುಗ್ಗುತ್ತದೆ, ನಡುವಿನ ಬೋಲ್ಟುಗಳು ಸಡಿಲವಾಗುತ್ತವೆ. ಎಂಜಿನ್ನಿನ ಶಕ್ತಿ ಮರಕ್ಕೆ ದಾಟುವುದು ಬೋಲ್ಟುಗಳ ಒತ್ತಡ ಹುಟ್ಟಿಸುವ ಘರ್ಷಣೆಯಿಂದ. ಆ ಒತ್ತಡ ತಗ್ಗಿದರೆ ಮರ ಲೋಹಕ್ಕೆ ಉಜ್ಜಿ ಸುಟ್ಟು ಕರಕಲಾಗುತ್ತದೆ. ಆದ್ದರಿಂದಲೇ ಬೋಲ್ಟುಗಳ ಬಿಗಿಯನ್ನು ಆಗಾಗ ಅಳೆಯಬೇಕು, ವಿಮಾನ ನಿಲ್ಲಿಸುವಾಗ ಪ್ರೊಪೆಲ್ಲರನ್ನು ಅಡ್ಡಲಾಗಿಯೇ ಬಿಡಬೇಕು. ನೆಟ್ಟಗೆ ಬಿಟ್ಟರೆ ತೇವ ಕೆಳಗಿನ ಅಲಗಿಗೆ ಇಳಿದು ಸಮತೋಲ ಕೆಡುತ್ತದೆ.