ತುಳುನಾಡಿನ ಹೊನ್ನು ಮತ್ತು ಶರಣರ ದೃಷ್ಟಿ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಹೊನ್ನಿನ ಗಣಿಯಿಲ್ಲ. ಕರ್ನಾಟಕದ ಹೊನ್ನು ದೊರೆಯುವುದು ದೂರದ ಹಟ್ಟಿಯಲ್ಲಿ. ಕೋಲಾರದ ಗಣಿಗಳು 2001ರಲ್ಲಿ ಮುಚ್ಚಿದವು. ಆದರೂ ಈ ಸೀಮೆಯವರಿಗೆ ಚಿನ್ನದ ಮೇಲಣ ಮೋಹವು ಗಣಿಯ ನೆರೆಯವರಿಗಿಂತ ಕಡಮೆಯಲ್ಲ. ಇದಕ್ಕೆ ಮೊದಲ ಕಾರಣ ಮಳೆಯೇ ಇರಬೇಕು. ನಾಲ್ಕು ತಿಂಗಳು ಮಳೆ ಸುರಿಯುವ ನಾಡಿನಲ್ಲಿ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಕಿಲುಬು, ಓಲೆಗರಿಗೆ ಹುಳು ತಪ್ಪಿದ್ದಲ್ಲ. ಚಿನ್ನವು ಗಾಳಿಯ ಆಮ್ಲಜನಕದೊಡನೆ ಕೂಡುವುದಿಲ್ಲವಾಗಿ ಹಾಗೆಯೇ ಉಳಿಯುತ್ತದೆ. 1974ರಲ್ಲಿ ನೇತ್ರಾವತಿಯು ಬಂಟ್ವಾಳವನ್ನು ಮುಳುಗಿಸಿದಂತಹ ನೆರೆಯಲ್ಲಿ, ಸೆರಗಿನ ಗಂಟಿನಲ್ಲಿ ಒಯ್ಯಬಹುದಾದ ಆಸ್ತಿ ಬೇರೆ ಯಾವುದು?

ಈ ನಾಡಿಗೆ ಹೊನ್ನನ್ನು ತಂದುಕೊಟ್ಟವು ಕಡಲು ದಾಟಿದ ಮೆಣಸು ಮತ್ತು ಅಕ್ಕಿ. ನಂದಾವರದ ಬಂಗರು, ವೇಣೂರಿನ ಅಜಿಲರು, ಮೂಡುಬಿದಿರೆಯ ಚೌಟರು ಜೈನ ಅರಸರು. ಅವರು ಕಪ್ಪ ಕೊಡುತ್ತಿದ್ದುದು ವೀರಶೈವರಾದ ಕೆಳದಿಯ ನಾಯಕರಿಗೆ. ಕೆಳದಿಯ ವರಾಹದ ಒಂದು ಬದಿಯಲ್ಲಿ ಶಿವಪಾರ್ವತಿಯರು, ಇನ್ನೊಂದು ಬದಿಯಲ್ಲಿ ನಾಗರಿ ಲಿಪಿಯ 'ಶ್ರೀ ಸದಾಶಿವ'. ತೂಕ ಸುಮಾರು 3.4 ಗ್ರಾಂ. 1763ರಲ್ಲಿ ಬಿದನೂರನ್ನು ಗೆದ್ದ ಹೈದರನು ಹಿಂಬದಿಯಲ್ಲಿ ತನ್ನ ಹೆಸರಿನ ಮೊದಲಕ್ಷರವನ್ನು ಹಾಕಿಸಿದನಾದರೂ ಶಿವಪಾರ್ವತಿಯರನ್ನು ತೆಗೆಯಲಿಲ್ಲ. ಜನರ ನಂಬಿಕೆಗೆ ಬಂದ ನಾಣ್ಯವನ್ನು ಕದಲಿಸುವುದು ಗೆದ್ದವನಿಗೂ ಸುಲಭವಲ್ಲ.

ಶರಣರು ಹೊನ್ನನ್ನು ಹಳಿದರೆಂದು ಕೆಲವರು ವ್ಯಾಖ್ಯಾನಿಸುವುದುಂಟು. ಅದು ಸಲ್ಲದು. ಬಸವಣ್ಣನವರು ಬಿಜ್ಜಳನ ಭಂಡಾರವನ್ನೇ ನಿರ್ವಹಿಸಿದವರು. ಅಕ್ಕಮಹಾದೇವಿಯು ನೋವಿನಲ್ಲಿಯೂ ಕೆಡದ ಗುಣಕ್ಕೆ ಚಿನ್ನವನ್ನೇ ಹೋಲಿಕೆಯಾಗಿ ತೆಗೆದುಕೊಂಡಳು. ಅಲ್ಲಮಪ್ರಭುಗಳ ಮತದಲ್ಲಿ ಮಾಯೆ ಇರುವುದು ಲೋಹದಲ್ಲಲ್ಲ, ಮನದ ಮುಂದಣ ಆಸೆಯಲ್ಲಿ. ದಾರಿಯಲ್ಲಿ ಬಿದ್ದ ಹೊನ್ನನ್ನು ಮುಟ್ಟೆನೆಂದ ಸತ್ಯಕ್ಕನು ಬೀದಿಯ ಕಸ ಗುಡಿಸುವ ಕಾಯಕದವಳೆಂಬುದನ್ನು ಮರೆಯಲಾಗದು. ಅಂತಹ ಹೊನ್ನು ಕಣ್ಣಿಗೆ ಬೀಳುವ ಸಂಭವ ಆಕೆಗೇ ಹೆಚ್ಚು. ನಾಳೆಗೆಂದು ಕೂಡಿಡುವುದು, ದುಡಿಯದೆ ಪಡೆಯುವುದು, ಇವೆರಡನ್ನೇ ಅವರು ನಿರಾಕರಿಸಿದರು.

ಮದುವೆಯ ಮಾತಿಗೆ ಕುಳಿತಾಗ ಈ ಭೇದದ ಬೆಲೆ ತಿಳಿಯುತ್ತದೆ. ವರದಕ್ಷಿಣೆಯನ್ನು 1961ರಲ್ಲಿಯೇ ಕಾನೂನು ನಿಷೇಧಿಸಿತು. 2021ರಿಂದ ಆಭರಣದ ಶುದ್ಧತೆಗೆ ಮುದ್ರೆಯೂ ಕಡ್ಡಾಯವಾಗತೊಡಗಿತು. ಆದರೆ 'ಎಷ್ಟು ಪವನು?' ಎಂಬ ಪ್ರಶ್ನೆ ನಿಂತಿಲ್ಲ. ಪವನೊಂದಕ್ಕೆ 8 ಗ್ರಾಂ. ಆಪತ್ತಿಗಾಗುವ ಹೆಣ್ಣಿನ ಸ್ವಂತ ಆಸ್ತಿಯೆಂದು ಹಿರಿಯರು ತೊಡಿಸಿದ ಚಿನ್ನವು ಕೇಳಿ ಪಡೆಯುವ ಚಿನ್ನವಾದಾಗ, ಅದಕ್ಕಾಗಿ ತಂದೆಯು ಅಡಕೆಯ ತೋಟವನ್ನು ಅಡವಿಡುತ್ತಾನೆ, ತಾಯಿಯು ತನ್ನ ಬಳೆಗಳನ್ನು ಕರಗಿಸಲು ಕೊಡುತ್ತಾಳೆ.